ಹಳ್ಳಕ್ಕೆ ಪಲ್ಪಿಂಗ್ ನೀರು ಬಿಟ್ಟರೆ ದೂರು ಬರೆಯೋದು ಹೇಗೆ

ಅರೇಬಿಕಾ ಕಾಫಿ ಕೊಯ್ಲು ಶುರುವಾಯ್ತು ಅಂದರೆ ಮೂಡಿಗೆರೆ, ಸಕಲೇಶಪುರ ಕಡೆಯವರಿಗೆ ಹಳ್ಳದ ನೀರಿನದೇ ಚಿಂತೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ (ಇದೇ ಪಲ್ಪಿಂಗ್) ಅಂಟು ತೊಳೆದ ನೀರನ್ನು ಹೊಂಡದಲ್ಲಿ ನಿಲ್ಲಿಸಿ ಶುದ್ಧ ಮಾಡದೆ ಹಾಗೇ ಬಿಟ್ಟರೆ, ಅದರ ಸಕ್ಕರೆ ಅಂಶ ಕೊಳೆಯುತ್ತಾ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ನೀರು ಕಪ್ಪಾಗಿ ನಾತ ಹೊಡೆಯುತ್ತದೆ, ಮೀನು ಸಾಯುತ್ತವೆ. ಆಗ ಸುಮ್ನೆ "ಪರಿಸರ ಹಾಳಾಗುತ್ತಿದೆ, ಕ್ರಮ ಕೈಗೊಳ್ಳಿ" ಅಂತ ಎರಡು ಸಾಲು ಗೀಚಿ ಕೊಟ್ಟರೆ ಸಾಲದು. ಆ ನೀರು ಕುಡಿಯುವವರು ಯಾರು ಅನ್ನೋದು ದೂರಿನ ಮೊದಲ ಸಾಲಲ್ಲೇ ಬರಬೇಕು.

ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರು, ಗಾಳಿಯೂ ಸೇರಿದೆ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಳ್ಳ, ಹೊಳೆಗೆ ಗೊತ್ತಿದ್ದೂ ಹೊಲಸು ಬಿಡಬಾರದು ಅನ್ನುವುದು 1974ರ ಜಲ ಕಾಯ್ದೆಯ 24ನೇ ಸೆಕ್ಷನ್. ಎರಡನ್ನೂ ಸೇರಿಸಿ ಬರೆಯಿರಿ. ಹೀಗೆ:

"ನಮ್ಮ ಊರಿನ ಇಷ್ಟು ಮನೆಯವರು ಈ ಹಳ್ಳದ ನೀರನ್ನೇ ಕುಡಿಯಲು, ದನಕರುಗಳಿಗೆ ಬಳಸುತ್ತೇವೆ. ಇಂಥ ದಿನ ಬೆಳಗ್ಗೆಯಿಂದ ನೀರು ಕಪ್ಪಾಗಿದೆ. ಇಂಥ ಸರ್ವೆ ನಂಬರಿನ ತೋಟದ ಪಲ್ಪಿಂಗ್ ಘಟಕದ ಕೆಳಗಿನಿಂದ ಹೀಗಾಗಿದೆ, ಮೇಲಿನ ನೀರು ತಿಳಿಯಾಗಿದೆ. ಇದರಿಂದ 21ನೇ ವಿಧಿಯಡಿ ನಮಗಿರುವ ಹಕ್ಕಿಗೆ ಧಕ್ಕೆಯಾಗಿದೆ."

ಮೇಲೆ ತಿಳಿ, ಕೆಳಗೆ ಕಪ್ಪು ಅನ್ನೋ ಆ ಮಾತು ಬಹಳ ಮುಖ್ಯ. ಎರಡೂ ಕಡೆ ಫೋಟೋ ತೆಗೆಯಿರಿ, ದಿನಾಂಕ, ಸಮಯ ಕಾಣುವ ಹಾಗೆ.

ಬಾಟಲಿಯಲ್ಲಿ ನೀರು ತುಂಬಿಕೊಂಡು ನೀವೇ ಲ್ಯಾಬಿಗೆ ಕೊಟ್ಟರೆ ವಿಷಯ ತಿಳಿಯುತ್ತದೆ, ಆದರೆ ಮಾಲಿನ್ಯ ನಿಯಂತ್ರಣ ಮಂಡಳಿ ಕೇಸು ಹಾಕೋದಕ್ಕೆ ಅದು ಸಾಲದು. ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಂಡಳಿಯ ಅಧಿಕಾರಿ ಘಟಕದವರಿಗೆ ನೋಟಿಸ್ ಕೊಟ್ಟು, ಅವರೆದುರೇ ಮಾದರಿಯನ್ನು ಎರಡು ಪಾಲು ಮಾಡಿ, ಸೀಲು ಹಾಕಿ, ಇಬ್ಬರೂ ಸಹಿ ಮಾಡಬೇಕು. ಹಾಗಾಗಿ ದೂರಿನಲ್ಲೇ "ಕೂಡಲೇ ಸ್ಥಳಕ್ಕೆ ಬಂದು 21ನೇ ಸೆಕ್ಷನ್ ಪ್ರಕಾರ ಮಾದರಿ ತೆಗೆಯಿರಿ" ಅಂತ ಕೇಳಿ. ತಡವಾದರೆ ಕಪ್ಪು ನೀರು ಹರಿದು ಹೋಗಿರುತ್ತದೆ, ಅಲ್ವಾ?

ಮಂಡಳಿಯ ಪ್ರಾದೇಶಿಕ ಕಚೇರಿ ಹಾಸನದಲ್ಲೂ ಇದೆ, ಚಿಕ್ಕಮಗಳೂರಲ್ಲೂ ಇದೆ. ಗ್ರಾಮ ಪಂಚಾಯಿತಿಯ ಪಿಡಿಒಗೆ ಒಂದು ಪ್ರತಿ, ಉಪವಿಭಾಗಾಧಿಕಾರಿಗೆ ಒಂದು ಪ್ರತಿ ಕೊಡಿ. ಸಾರ್ವಜನಿಕ ಉಪದ್ರವ ತಡೆಯಲು ಆದೇಶ ಹೊರಡಿಸುವ ಅಧಿಕಾರ ಉಪವಿಭಾಗಾಧಿಕಾರಿಗಿದೆ. ಎಲ್ಲದಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ದೂರಿನ ಮೇಲೆ ಏನು ಕ್ರಮವಾಯ್ತು, ಆ ಘಟಕಕ್ಕೆ ಮಂಡಳಿಯ ಸಮ್ಮತಿ ಪತ್ರ ಇದೆಯಾ ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ನನ್ನನ್ನು ಜಾಸ್ತಿ ಕಾಡುವುದು ಲೈನ್ ಮನೆಯವರ, ಅಂದರೆ ತೋಟದಲ್ಲೇ ಇರುವ ಕೂಲಿಕಾರರ ಪಾಡು. ಹಳ್ಳದ ನೀರು ಮೊದಲು ತಟ್ಟುವುದು ಅವರಿಗೇ, ಕೂಲಿಯೂ ಮನೆಯೂ ತೋಟದವರದೇ ಆದ್ದರಿಂದ ಸಹಿ ಹಾಕಲು ಹೆದರುವವರೂ ಅವರೇ. ಅವರನ್ನು ಮುಂದೆ ತಳ್ಳಬೇಡಿ. ಕೆಳಗಿನ ಊರಿನವರೋ, ಸಂಘವೋ ದೂರು ಕೊಡಲಿ. ಬಾಧಿತರ ಪರವಾಗಿ ಸಂಘ ಸಂಸ್ಥೆಗಳು ಪರಿಸರದ ಕೇಸುಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಗಬಹುದು.

ಕರ್ನಾಟಕಕ್ಕೆ ಸೇರಿದ ಹಸಿರು ಪೀಠ ಚೆನ್ನೈನಲ್ಲಿದೆ. ಇಲ್ಲಿ ಗಡುವಿನ ಬಗ್ಗೆ ಎಚ್ಚರ ಇರಲಿ: ಸಮಸ್ಯೆ ಮೊದಲು ಎದ್ದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು, ಸರಿಯಾದ ಕಾರಣ ಇದ್ದರೆ ಇನ್ನು 60 ದಿನ ಸಿಗಬಹುದು, ಅಷ್ಟೇ. ಪರಿಹಾರ ಕೇಳುವುದಾದರೆ 5 ವರ್ಷ. ಕಚೇರಿಯವರು "ನೋಡೋಣ" ಅಂತ ಹೇಳಿ ಮುಂದಿನ ಕೊಯ್ಲಿನ ತನಕ ಎಳೆದರೆ ಮೊದಲನೆಯ ಗಡುವು ಮುಗಿದೇ ಹೋಗಿರುತ್ತದೆ.

ವಕೀಲರಿಲ್ಲದೆ ನೀವೇ ವಾದಿಸಬಹುದು. ವಕೀಲರು ಬೇಕು ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಹೋಗುವಾಗ ಸೀಲು ಬಿದ್ದ ಪ್ರತಿಗಳನ್ನೂ ಫೋಟೋಗಳನ್ನೂ ತೆಗೆದುಕೊಂಡು ಹೋಗಿ.