ಮಾರ್ಕನ ಕೊನೆಯ 12 ವಚನ: ಹಳೆಯ ಅನುವಾದಗಳಲ್ಲಿ ಹುಡುಕುವುದು ಹೇಗೆ

ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ತೆಗೆಯಿರಿ. 8ನೇ ವಚನದಲ್ಲಿ ಹೆಂಗಸರು ಸಮಾಧಿಯಿಂದ ಓಡುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. 4ನೇ ಶತಮಾನದ ಎರಡು ದೊಡ್ಡ ಗ್ರೀಕ್ ಹಸ್ತಪ್ರತಿಗಳು, ಸಿನಾಯ್ಟಿಕಸ್ ಮತ್ತು ವ್ಯಾಟಿಕನಸ್, ಮಾರ್ಕನನ್ನು ಇಲ್ಲಿಗೇ ಮುಗಿಸುತ್ತವೆ. ಮುಂದಿನ 12 ವಚನ (9ರಿಂದ 20) ಅವುಗಳಲ್ಲಿ ಇಲ್ಲ. ಹಾಗಾದರೆ ಅವು ಮೂಲದಲ್ಲೇ ಇದ್ದವಾ, ಆಮೇಲೆ ಸೇರಿದವಾ? ಈಗ ಅನುವಾದಗಳನ್ನು ಕೇಳಬೇಕು, ಯಾಕೆಂದರೆ ಅನುವಾದಕನ ಮುಂದಿದ್ದ ಗ್ರೀಕ್ ಪ್ರತಿ ಹಾಳಾಗಿದ್ದರೂ ಅದರಲ್ಲಿ ಏನಿತ್ತು ಅನ್ನೋದು ಅವನ ಅನುವಾದದಲ್ಲಿ ಉಳಿದಿರುತ್ತದೆ.

ಪಶ್ಚಿಮ ಏಷ್ಯಾದ ಹಳೆಯ ಕ್ರೈಸ್ತರ ಭಾಷೆಯಾದ ಸಿರಿಯಾಕ್‌ನಿಂದ ಶುರುಮಾಡಿ. 1892ರಲ್ಲಿ ಆಗ್ನೆಸ್ ಸ್ಮಿತ್ ಲೂಯಿಸ್ ಸಿನಾಯ್ ಬೆಟ್ಟದ ಸೇಂಟ್ ಕ್ಯಾಥರಿನ್ ಮಠದಲ್ಲಿ ಚರ್ಮದ ಹಾಳೆಗಳ ಒಂದು ಪುಸ್ತಕ ನೋಡಿದರು. ಮೇಲೆ ಸಂತ ಸ್ತ್ರೀಯರ ಕಥೆಗಳು, ಅಡಿಯಲ್ಲಿ ಅಳಿಸಿಹಾಕಿದ ಸುವಾರ್ತೆ! ಅದರಲ್ಲೂ ಮಾರ್ಕ 8ನೇ ವಚನಕ್ಕೇ ಮುಗಿಯುತ್ತದೆ. ಆದರೆ ಆಮೇಲಿನ ಸಿರಿಯಾಕ್ ಅನುವಾದ ಪೆಶಿತ್ತಾದಲ್ಲಿ 12 ವಚನವೂ ಇವೆ. ಹಾಗಾಗಿ ಸುಮ್ನೆ 'ಸಿರಿಯಾಕ್‌ನಲ್ಲಿದೆ' ಅಂತ ಬರೆಯಬೇಡಿ, ಯಾವ ಸಿರಿಯಾಕ್ ಅಂತ ಬರೆಯಿರಿ.

ಪ್ರತಿಯ ಕಾಲ ಬೇರೆ, ಅನುವಾದದ ಕಾಲ ಬೇರೆ. ಜಾಸ್ತಿ ಜನ ಎಡವುವುದು ಇಲ್ಲೇ. ಇಟಲಿಯ ಟ್ಯೂರಿನ್‌ನಲ್ಲಿರುವ ಬಾಬಿಯೆನ್ಸಿಸ್ ಎಂಬ ಲ್ಯಾಟಿನ್ ಹಸ್ತಪ್ರತಿ ಬರೆದದ್ದು ಸುಮಾರು 400ರಲ್ಲಿ. ಆದರೆ ಅದರ ಮಾತುಗಳು 258ರಲ್ಲಿ ತೀರಿಕೊಂಡ, ಉತ್ತರ ಆಫ್ರಿಕಾದ ಕಾರ್ತೇಜಿನ ಬಿಷಪ್ ಸಿಪ್ರಿಯನ್ ಉದ್ಧರಿಸಿದ ವಚನಗಳಿಗೆ ಚೆನ್ನಾಗಿ ಹೊಂದುತ್ತವೆ. ಅಂದರೆ ಅನುವಾದ ಇನ್ನೂ ಹಳೆಯದು. ಮಜಾ ಅಂದರೆ ಇದರಲ್ಲಿ 12 ವಚನಗಳ ಬದಲು ಬೇರೆಯೇ ಒಂದು ಚಿಕ್ಕ ಮುಕ್ತಾಯ ಇದೆ. ಹೀಗೆ ಯಾವ ಅನುವಾದ ಸಿಕ್ಕರೂ, ಅದೇ ಮಾತುಗಳನ್ನು ಬಳಸಿದ, ಕಾಲ ಗೊತ್ತಿರುವ ಲೇಖಕ ಯಾರು ಅಂತ ಮೊದಲು ಹುಡುಕಿ.

ಆಮೇಲೆ ತಲೆ ಎಣಿಸಬೇಡಿ. ಹಳೆಯ ಆರ್ಮೇನಿಯನ್ ಪ್ರತಿಗಳು ಹಲವು 8ಕ್ಕೆ ನಿಲ್ಲುತ್ತವೆ, ಜಾರ್ಜಿಯನ್‌ನಲ್ಲಿ 897ರ ಆದಿಶ್ ಪ್ರತಿಯೂ ನಿಲ್ಲುತ್ತದೆ. ಎರಡು ಸಾಕ್ಷಿ ಅಂತೀರಾ? ಹಳೆಯ ಜಾರ್ಜಿಯನ್ ಬಂದದ್ದೇ ಆರ್ಮೇನಿಯನ್‌ನಿಂದ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಅಕ್ಕ ಹೇಳಿದ್ದನ್ನೇ ತಂಗಿ ಹೇಳಿದರೆ ಅದು ಒಂದೇ ಸಾಕ್ಷಿ ಅಲ್ವಾ? ಎದುರು ಪಕ್ಷವನ್ನೂ ಬರೆದುಕೊಳ್ಳಿ: ಸುಮಾರು 180ರಲ್ಲೇ ಬಿಷಪ್ ಇರೇನಿಯಸ್ 19ನೇ ವಚನವನ್ನು ಮಾರ್ಕನದೆಂದು ಉದ್ಧರಿಸಿದ್ದಾನೆ. ಅಂದರೆ ಆ ವಚನಗಳು ಮೂಲದ್ದಲ್ಲ ಅಂತ ಇಟ್ಟುಕೊಂಡರೂ ತುಂಬಾ ಹಳೆಯವು.

ಒಂದು ಮಿತಿ ನೆನಪಿರಲಿ. ವಚನ ಇದೆಯೋ ಇಲ್ಲವೋ ಅನ್ನೋದಕ್ಕೆ ಅನುವಾದ ಒಳ್ಳೆಯ ಸಾಕ್ಷಿ, ಸಣ್ಣ ಪದಕ್ಕೆ ಅಲ್ಲ. ಗ್ರೀಕ್‌ನಲ್ಲಿ ನಾಮಪದಕ್ಕೆ ಮೊದಲು ಬರುವ ಆರ್ಟಿಕಲ್ (ಇಂಗ್ಲಿಷಿನ 'the' ತರಹದ ಪದ) ಲ್ಯಾಟಿನ್‌ನಲ್ಲಿ ಇಲ್ಲವೇ ಇಲ್ಲ, ನಮ್ಮ ಕನ್ನಡದ ಹಾಗೆ. ಆದ್ದರಿಂದ ಮೂಲದಲ್ಲಿ ಆರ್ಟಿಕಲ್ ಇತ್ತೇ ಅಂತ ಲ್ಯಾಟಿನ್ ಹೇಳಲಾರದು.

ಪಟ್ಟಿ ಮಾಡುವಾಗ 'ವಚನ ಇಲ್ಲ' ಮತ್ತು 'ಹಾಳೆ ಇಲ್ಲ' ಅಂತ ಬೇರೆ ಬೇರೆ ಕಾಲಂ ಇಡಿ. ಕ್ಯುರೆಟೋನಿಯನ್ ಎಂಬ ಇನ್ನೊಂದು ಹಳೆಯ ಸಿರಿಯಾಕ್ ಪ್ರತಿಯಲ್ಲಿ ಮಾರ್ಕನ ಹಾಳೆಗಳೆಲ್ಲ ಕಳೆದುಹೋಗಿ ಉಳಿದಿರುವುದು ನಾಲ್ಕೇ ವಚನ. ಯಾವುವು ಗೊತ್ತಾ? 16ನೇ ಅಧ್ಯಾಯದ 17ರಿಂದ 20.