ನಮೀಬ್ ಮರುಭೂಮಿಯಲ್ಲಿ ನಾವೇ ಗಾಡಿ ಓಡಿಸಿಕೊಂಡು

ನಮೀಬಿಯಾಕ್ಕೆ ಹೊರಡುವಾಗ ಮರುಭೂಮಿಗೆ ನಾಲ್ಕು ದಿನ, ಕಡಲತೀರಕ್ಕೆ ನಾಲ್ಕು ದಿನ ಅಂತ ಬೇರೆ ಬೇರೆ ಬರೆದಿಟ್ಟುಕೊಂಡಿದ್ದೆ. ಅವೆರಡೂ ಬೇರೆ ಅಲ್ಲ ಅಂತ ತಲೆಗೆ ಹೋಗಿದ್ದು ಒಂದು ರಾತ್ರಿ ಶೂ ಕೊಡವಿದಾಗ.

ಹೋಗಿದ್ದು ನಾನು ಮತ್ತು ನನ್ನ ತಮ್ಮ, ಜುಲೈನಲ್ಲಿ. ಅಲ್ಲಿ ಅದು ಚಳಿಗಾಲ. ರಾಜಧಾನಿ ವಿಂಡ್‌ಹುಕ್‌ನಲ್ಲಿ ಫೋರ್ ವೀಲ್ ಡ್ರೈವ್ ಪಿಕಪ್ ಬಾಡಿಗೆಗೆ ತಗೊಂಡೆವು. ಎರಡು ಸ್ಟೆಪ್ನಿ ಕೇಳಿ ಹಾಕಿಸಿಕೊಂಡೆವು. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಓಡಿಸೋದು, ಅದೊಂದು ನೆಮ್ಮದಿ. ದಕ್ಷಿಣ ಆಫ್ರಿಕಾದ ರಾಂಡ್‌ಗೂ ನಮೀಬಿಯಾ ಡಾಲರ್‌ಗೂ ಒಂದೇ ಬೆಲೆ, ಅಂಗಡಿಯಲ್ಲಿ ಎರಡೂ ನಡೆಯುತ್ತದೆ. ಊರು ಬಿಟ್ಟ ಮೇಲೆ ಬರೀ ಜಲ್ಲಿ ರಸ್ತೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ತನ್ನ ಪಾಡಿಗೆ ತಾನು ಜಾರುತ್ತದೆ. 80 ದಾಟಲೇ ಇಲ್ಲ. ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿದೆವು, ಅರ್ಧ ಇದ್ದರೂ ಸರಿ.

ಮರಳುಗುಡ್ಡಗಳಿರುವ ನಮೀಬ್-ನೌಕ್ಲುಫ್ಟ್ ಪಾರ್ಕಿಗೆ ಹೋಗುವ ಗೇಟು ಸೆಸ್ರಿಮ್‌ನಲ್ಲಿದೆ. ಅಲ್ಲಿ ಪಾರ್ಕಿನ ಒಳಗಿನ ಕ್ಯಾಂಪಿನಲ್ಲೇ ಉಳಿದುಕೊಂಡೆವು. ಹೊರಗೆ ಉಳಿದವರಿಗೆ ಸೂರ್ಯ ಹುಟ್ಟಿದ ಮೇಲೆ ಗೇಟು ತೆಗೆಯುತ್ತಾರೆ. ಒಳಗಿದ್ದವರು ಒಂದು ಗಂಟೆ ಮೊದಲೇ ಹೊರಡಬಹುದು. ಈ ಒಂದು ಗಂಟೆಗಾಗಿ ಟೆಂಟಿನಲ್ಲಿ ನಡುಗಿದ್ದೂ ಸಾರ್ಥಕ. ಗುಡ್ಡಗಳ ಒಂದು ಮಗ್ಗುಲು ಕಿತ್ತಳೆ ಬಣ್ಣಕ್ಕೆ ತಿರುಗಿ ಇನ್ನೊಂದು ಕಪ್ಪಾಗಿಯೇ ಇರುವ ಹೊತ್ತು ಅದು. ಒಂಬತ್ತು ಗಂಟೆಯಾದರೆ ಆ ಬಣ್ಣ ಸತ್ತುಹೋಗುತ್ತದೆ.

ಗೇಟಿನಿಂದ ಸೋಸಸ್‌ವ್ಲೈ ಕಡೆಗೆ, ಅಂದರೆ ಮರಳುಗುಡ್ಡಗಳ ನಡುವಿನ ಜೇಡಿ ಬಯಲಿನ ಕಡೆಗೆ, 60 ಕಿ.ಮೀ. ಡಾಂಬರು. ಕೊನೆಯ 5 ಕಿ.ಮೀ. ಮಾತ್ರ ಮೆತ್ತನೆ ಮರಳು. ಡಾಂಬರು ಮುಗಿಯುವ ಜಾಗದಲ್ಲಿ ತಮ್ಮ ಕೇಳಿದ, "ಅಣ್ಣ, ಟೈರಿನ ಗಾಳಿ ಸ್ವಲ್ಪ ಇಳ್ಸೋಣ್ವಾ?" ಸುಮ್ನೆ ಟೈಮ್ ವೇಸ್ಟು ಅಂದೆ ನಾನು. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಆಕ್ಸಲ್‌ವರೆಗೆ ಹೂತುಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಕೆಳಗೆ. ಆಮೇಲೆ ಕೈಯಲ್ಲೇ ಮರಳು ತೋಡಿ, ನಾಲ್ಕೂ ಟೈರಿನ ಗಾಳಿ 2.2 ಬಾರ್‌ನಿಂದ 1.2ಕ್ಕೆ ಇಳಿಸಿ, ಸ್ಟೀರಿಂಗ್ ನೇರ ಇಟ್ಟು ಮೆಲ್ಲಗೆ ರಿವರ್ಸ್ ತಗೊಂಡಾಗ ಎದ್ದಿತು. ಗಾಳಿ ಇಳಿಸಿದಾಗ ಟೈರು ಅಗಲವಾಗಿ ಕೂರುತ್ತದೆ, ಮರಳನ್ನು ಅಗೆಯುವ ಬದಲು ಅದರ ಮೇಲೆ ಹೋಗುತ್ತದೆ. ಇಷ್ಟೇ ವಿಷಯ. ಮುಕ್ಕಾಲು ಗಂಟೆ ಹಾಳು. ಅವನು ಒಂದು ಮಾತೂ ಆಡಲಿಲ್ಲ, ಅದೇ ಕಷ್ಟವಾಗಿದ್ದು.

ಡೆಡ್‌ವ್ಲೈಗೆ ಇಪ್ಪತ್ತು ನಿಮಿಷದ ನಡಿಗೆ. ಸುತ್ತ ಕೆಂಪು ಗುಡ್ಡಗಳು, ನಡುವೆ ಸೀಮೆಸುಣ್ಣದಂಥ ಬಿಳಿ ಜೇಡಿ ನೆಲ, ಅದರ ಮೇಲೆ ಕಪ್ಪು ಮರಗಳು. ಇವು ಕ್ಯಾಮೆಲ್ ಥಾರ್ನ್ ಅನ್ನುವ ಜಾಲಿ ಜಾತಿಯ ಮರಗಳು. ಒಂದು ಕಾಲದಲ್ಲಿ ತ್ಸೌಚಾಬ್ ನದಿ ಇಲ್ಲಿಗೆ ನೀರು ತರುತ್ತಿತ್ತು. ಮರಳುಗುಡ್ಡ ಸರಿದು ಬಂದು ದಾರಿ ಮುಚ್ಚಿತು. ಮರಗಳು ಸತ್ತು 600 ವರ್ಷಕ್ಕೂ ಜಾಸ್ತಿ ಆಗಿದೆ, ಆದರೆ ಕೊಳೆತಿಲ್ಲ. ಕೊಳೆಯುವುದಕ್ಕೂ ತೇವ ಬೇಕಲ್ವಾ! ಬಿಸಿಲಿಗೆ ಸೀದು ನಿಂತಿವೆ, ಕಲ್ಲಾಗಿಲ್ಲ, ಇನ್ನೂ ಕಟ್ಟಿಗೆಯೇ. ಮುಟ್ಟಬಾರದು, ಹತ್ತಬಾರದು. ಒಬ್ಬರು ಫೋಟೋಗೆ ಕೊಂಬೆ ಹಿಡಿದು ಜೋತಾಡುತ್ತಿದ್ದರು, ಸಿಟ್ಟು ಬಂತು.

ಅಲ್ಲಿಂದ ಕಡಲ ಕಡೆಗೆ ತಿರುಗಿದೆವು. ಮಕರ ಸಂಕ್ರಾಂತಿ ವೃತ್ತದ ಬೋರ್ಡ್ ದಾಟಿ, ಕುಯಿಸೆಬ್ ಕಣಿವೆ ಇಳಿದು ಹತ್ತಿ, ಆಮೇಲೆ ಗಂಟೆಗಟ್ಟಲೆ ಚಪ್ಪಟೆ ಬಯಲು. ಕಡಲತೀರದ ಊರು ವಾಲ್ವಿಸ್ ಬೇ ಹತ್ತಿರ ಬರುತ್ತಿದ್ದಂತೆ ಬಿಸಿಲು ಮಾಯ, ಬೂದು ಮಂಜು. ಹೀಟರ್ ಹಾಕಿಕೊಂಡೆವು, ಮರುಭೂಮಿಯಲ್ಲಿ!

ಇದು ಬೆಂಗ್ವೆಲಾ ಅನ್ನುವ ಸಾಗರ ಪ್ರವಾಹದ ಕೆಲಸ. ತೀರದುದ್ದಕ್ಕೂ ತಣ್ಣನೆ ನೀರು ಹರಿಯುತ್ತದೆ. ಮೇಲಿನ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತದೆ, ಮೇಲೆದ್ದು ಮಳೆಮೋಡ ಆಗುವುದಿಲ್ಲ. ಸಿಗುವುದು ಮಂಜು ಮಾತ್ರ. ಪಕ್ಕದಲ್ಲೇ ಅಷ್ಟು ದೊಡ್ಡ ಸಮುದ್ರ ಇದ್ದೂ ಇದು ಮರುಭೂಮಿ ಆಗಿರುವುದಕ್ಕೆ ಆ ಸಮುದ್ರವೇ ಒಂದು ದೊಡ್ಡ ಕಾರಣ.

ಅದೇ ತೀರದ ಸ್ವಾಕೋಪ್‌ಮುಂಡ್ ಊರಿನ ಮರಳುಗುಡ್ಡಗಳಲ್ಲಿ ಗೈಡ್ ಒಬ್ಬ ಜೀಪು ನಿಲ್ಲಿಸಿ, ಮರಳಿನ ಮೇಲಿದ್ದ ಸಣ್ಣ ಹೆಜ್ಜೆಸಾಲು ಹಿಡಿದು ಹೋಗಿ, ಬಗ್ಗಿ ಕೈಯಿಂದ ತೋಡಿದ. ಹೊರಗೆ ಬಂದದ್ದು ಒಂದು ಹಲ್ಲಿ. ಬೆರಳುದ್ದ, ಬಾತುಕೋಳಿಯ ಹಾಗೆ ಬೆರಳುಗಳ ನಡುವೆ ಪೊರೆ. ಚರ್ಮ ಎಷ್ಟು ತೆಳು ಅಂದರೆ ಒಳಗಿನದು ನೆರಳಿನ ಹಾಗೆ ಕಾಣುತ್ತದೆ. ಅದಕ್ಕೆ ಕಣ್ಣುರೆಪ್ಪೆ ಇಲ್ಲ. ನೋಡುತ್ತಿದ್ದ ಹಾಗೆ ಗುಲಾಬಿ ನಾಲಗೆ ಚಾಚಿ ತನ್ನ ಕಣ್ಣನ್ನೇ ನೆಕ್ಕಿಕೊಂಡಿತು. ಮಂಜಿನ ಹನಿ ಕಣ್ಣಮೇಲೆ ಕೂತಾಗ ಕುಡಿಯುವುದೂ ಹೀಗೇ ಅಂದ. ಬಿಸಿಲು ತಾಗಬಾರದು ಅಂತ ತನ್ನ ನೆರಳು ಬೀಳಿಸಿಕೊಂಡೇ ಅದನ್ನು ವಾಪಸ್ ಮರಳಿಗೆ ಬಿಟ್ಟ. ಮಂಜಿದ್ದ ಬೆಳಿಗ್ಗೆ ತಲೆ ಕೆಳಗೆ ಮಾಡಿ ನಿಂತು, ಬೆನ್ನ ಮೇಲಿನ ಹನಿ ಬಾಯಿಗೆ ಇಳಿಸಿಕೊಳ್ಳುವ ಕಪ್ಪು ಜೀರುಂಡೆಯೂ ಇಲ್ಲಿದೆ. ಅದು ಮಾತ್ರ ನಮಗೆ ಕಾಣಿಸಲಿಲ್ಲ.

ಅವತ್ತು ರಾತ್ರಿ ರೂಮಿನಲ್ಲಿ ಬಿಳಿ ಟವೆಲ್ ಹಾಸಿ ಶೂ ಕೊಡವಿದೆ. ಒಂದು ಜೊತೆಯಿಂದ ಡೆಡ್‌ವ್ಲೈನ ಕೆಂಪು ಮರಳು, ಇನ್ನೊಂದರಿಂದ ಇಲ್ಲಿನ ತಿಳಿ ಹಳದಿ ಮರಳು. ಎರಡರ ಮೂಲ ಒಂದೇ. ಬಹುಪಾಲು ಮರಳನ್ನು ದಕ್ಷಿಣದ ಆರೆಂಜ್ ನದಿ ಕಡಲಿಗೆ ತಂದು ಹಾಕಿತು. ಅಲೆಗಳು ಉತ್ತರಕ್ಕೆ ತಳ್ಳಿದವು, ಗಾಳಿ ದಡದಿಂದ ಎತ್ತಿ ಒಳಗೆ ಸಾಗಿಸಿತು. ಒಳಗಿನದು ಹಳೆಯ ಮರಳು, ಹೆಚ್ಚು ಕಾಲ ಕಬ್ಬಿಣದ ತುಕ್ಕು ಹಿಡಿದು ಕೆಂಪಾಗಿದೆ. 2013ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕೊಟ್ಟ ಹೆಸರು 'ನಮೀಬ್ ಮರಳಸಮುದ್ರ'. ಸರಿಯಾಗಿಯೇ ಇಟ್ಟಿದ್ದಾರೆ.

ಸ್ಯಾಂಡ್‌ವಿಚ್ ಹಾರ್ಬರ್‌ಗೆ ಮಾತ್ರ ನಮ್ಮ ಗಾಡಿ ಒಯ್ಯಲಿಲ್ಲ. ಒಂದು ಕಡೆ ಮರಳುಗುಡ್ಡ ನೇರ ನೀರಿಗೇ ಇಳಿಯುತ್ತದೆ, ನಡುವಿನ ದಡದ ಪಟ್ಟಿ ಉಬ್ಬರ ಬಂದರೆ ಮುಳುಗುತ್ತದೆ. ಉಬ್ಬರದ ಟೈಮ್ ಬಾಯಿಪಾಠ ಇರುವವರ ಜೊತೆಗೇ ಹೋಗಬೇಕು. ಮರಳು ಶುರುವಾಗುವ ಜಾಗದಲ್ಲಿ ಡ್ರೈವರ್ ಇಳಿದು ಮೊದಲು ಮಾಡಿದ ಕೆಲಸ, ಟೈರಿನ ಗಾಳಿ ಇಳಿಸಿದ್ದು. ತಮ್ಮ ನನ್ನ ಕಡೆ ನೋಡಿದ. ನಾನು ಫ್ಲೆಮಿಂಗೋ ನೋಡುತ್ತಿದ್ದೆ.

ಕೊನೆಗೆ ಉತ್ತರಕ್ಕೆ. ಹೆಂಟೀಸ್ ಬೇ ಮುಂಚೆ ದಡದ ಹತ್ತಿರ ಜೈಲಾ ಅನ್ನುವ ಮೀನುಗಾರಿಕೆ ಹಡಗು ಸಿಕ್ಕಿಬಿದ್ದು ನಿಂತಿದೆ, 2008ರಿಂದ. ಈಗ ಅದು ನೀರುಕಾಗೆಗಳ ಮನೆ. ಮುಂದಿನದು ಉಪ್ಪಿನ ರಸ್ತೆ, ಅಂದರೆ ಉಪ್ಪುನೀರು ಹಾಕಿ ಗಟ್ಟಿ ಮಾಡಿದ್ದು, ನೋಡಲು ಡಾಂಬರಿನ ಹಾಗೇ ಇರುತ್ತದೆ, ಮಂಜಿಗೆ ಒದ್ದೆಯಾದರೆ ಸೋಪು. ಕೇಪ್ ಕ್ರಾಸ್‌ನಲ್ಲಿ ಸಾವಿರಾರು ಸೀಲ್‌ಗಳು ಒಂದರ ಮೇಲೊಂದು ಬಿದ್ದುಕೊಂಡು ಕುರಿಯ ಹಾಗೆ ಅರಚುತ್ತಿದ್ದವು. ಪೋರ್ಚುಗೀಸ್ ನಾವಿಕ ಡಿಯೋಗೊ ಕೌ 1486ರಲ್ಲಿ ಇಲ್ಲೇ ಶಿಲುಬೆ ನೆಟ್ಟಿದ್ದು, ಈಗಿರುವುದು ಅದರ ಪ್ರತಿ. ಅದನ್ನು ನಿಂತು ನೋಡುವ ತಾಳ್ಮೆ ಇರಲಿಲ್ಲ. ಅಷ್ಟು ವಾಸನೆ. ಹಳೇ ಶರ್ಟು ಹಾಕಿಕೊಂಡು ಹೋಗಿ, ಕಾರಿನ ಕಿಟಕಿ ಏರಿಸಿಡಿ.

ನಾವು ಏರಿಸಿರಲಿಲ್ಲ. ವಿಂಡ್‌ಹುಕ್‌ನಲ್ಲಿ ಗಾಡಿ ವಾಪಸ್ ಕೊಡುವ ಮುಂಚೆ ಮ್ಯಾಟ್ ಕೊಡವಿದೆವು. ಕೆಂಪು ಮರಳೂ ಬಿತ್ತು, ಹಳದಿಯೂ ಬಿತ್ತು. ವಾಸನೆ ಮಾತ್ರ ಹಾಗೇ ಇತ್ತು.