ಬೆಳದಿಂಗಳೂಟಕ್ಕೆ ಮಲ್ಲಿಗೆ ಅರಳಬೇಕಾ? ಸಂಕ್ರಾಂತಿಗೇ ಕತ್ತರಿ ಹಿಡಿಯಿರಿ

ಚೈತ್ರದ ಹುಣ್ಣಿಮೆಗೆ ತಾರಸಿಯಲ್ಲಿ ಬೆಳದಿಂಗಳೂಟ, ಪಕ್ಕದ ಕುಂಡದಲ್ಲಿ ಆಗಷ್ಟೇ ಬಿರಿಯುತ್ತಿರುವ ದುಂಡು ಮಲ್ಲಿಗೆ. ಬೇಸಿಗೆಯಲ್ಲಿ ನೆಂಟರನ್ನು ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಾ? ಆದರೆ ಎಷ್ಟೋ ಮನೆಗಳಲ್ಲಿ ಗಿಡದ ತುಂಬ ಬರೀ ಎಲೆ. ‘ಗೊಬ್ಬರ ಹಾಕ್ತೀವಿ, ದಿನಾ ನೀರೂ ಹಾಕ್ತೀವಿ, ಹೂವೇ ಇಲ್ಲ’ ಅಂತಾರೆ. ಹೋಗಿ ನೋಡಿದರೆ ಗಿಡ ಐದಡಿ ಬೆಳೆದು ಗ್ರಿಲ್‌ಗೆ ಒರಗಿರುತ್ತದೆ. ಒಂದು ಸಲವೂ ಸವರಿರುವುದಿಲ್ಲ. ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಚಿಗುರು ಬರಬೇಕಾದರೆ ಹಳೆಯದನ್ನು ಕತ್ತರಿಸಲೇಬೇಕು.

1. ಗಿಡ, ಕುಂಡ

14 ಇಂಚಿನ ಕುಂಡ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ದಿನಕ್ಕೆ ಆರು ಗಂಟೆ ಬಿಸಿಲು. ಕುಂಡ ಮಣ್ಣಿನದೇ ಇರಲಿ. ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲೆ ತೆಳು ಪ್ಲಾಸ್ಟಿಕ್ ಕುಂಡ ಎಷ್ಟು ಕಾಯುತ್ತದೆ ಅಂತ ಕೈಯಿಟ್ಟು ನೋಡಿ, ಗೊತ್ತಾಗುತ್ತದೆ. ಮೈಸೂರು ಮಲ್ಲಿಗೆ, ಶಂಕರಪುರದ ಉಡುಪಿ ಮಲ್ಲಿಗೆ ಈ ದುಂಡು ಮಲ್ಲಿಗೆಯ ಜಾತಿಯವೇ. ಅವಕ್ಕೂ ಈ ಕ್ರಮ ನಡೆಯುತ್ತದೆ. ಹಡಗಲಿ ಮಲ್ಲಿಗೆ ಬೇರೆ ಜಾತಿ, ಅದರ ಲೆಕ್ಕ ಬೇರೆ.

2. ಸವರುವುದು

ಎಲ್ಲರೂ ಎಡವುವುದು ಇಲ್ಲೇ. ಹೊಲದಲ್ಲಿ ಬೆಳೆಯುವವರು ನವೆಂಬರ್ ಕೊನೆಗೇ ಸವರುವುದುಂಟು. ಕುಂಡದ ಗಿಡಕ್ಕೆ ನಾನು ಸಂಕ್ರಾಂತಿ ಆದ ವಾರವನ್ನೇ ಹಿಡಿಯುತ್ತೇನೆ. ಅಲ್ಲಿಂದ ಸುಮಾರು ಎರಡೂವರೆ ತಿಂಗಳಿಗೆ ಹೂವು.

ಸವರುವ ಮುಂಚೆ ಒಂದು ವಾರ ನೀರು ಕಡಿಮೆ ಮಾಡಿ. ಎಲೆ ಸ್ವಲ್ಪ ಬಾಡಿದರೆ ಹೆದರಬೇಡಿ. ಆಮೇಲೆ ಒಣಗಿದ ಕಡ್ಡಿ, ಪೆನ್ಸಿಲ್‌ಗಿಂತ ತೀರಾ ಸಣ್ಣ ಕಡ್ಡಿ, ಒಂದಕ್ಕೊಂದು ಉಜ್ಜುವ ಒಳರೆಂಬೆ ಎಲ್ಲ ಬುಡಕ್ಕೇ ತೆಗೆಯಿರಿ. ಅನುಮಾನ ಬಂದ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ, ಕಂದಾಗಿದ್ದರೆ ಇಲ್ಲ.

ಉಳಿದ ಗಟ್ಟಿ ರೆಂಬೆಗಳನ್ನು ಮಣ್ಣಿನಿಂದ ಒಂದೂವರೆ ಅಡಿಗೆ ಇಳಿಸಿ. ಎಲ್ಲಿ ಬೇಕಾದರೆ ಅಲ್ಲಿ ಕತ್ತರಿಸಬೇಡಿ. ಎರಡು ಎಲೆ ಎದುರುಬದುರು ಹುಟ್ಟುವ ಜಾಗ ಇದೆಯಲ್ಲ, ಆ ಗಿಣ್ಣಿನಿಂದ ಕಾಲು ಇಂಚು ಮೇಲೆ, ಸ್ವಲ್ಪ ಓರೆಯಾಗಿ, ಒಂದೇ ಏಟಿಗೆ ಕತ್ತರಿಸಿ. ಅಡುಗೆಮನೆ ಕತ್ತರಿ ಬೇಡವೇ ಬೇಡ. ಅದು ತೊಗಟೆಯನ್ನು ಜಜ್ಜುತ್ತದೆ. ಅಗ್ಗದ ಸವರುಗತ್ತರಿಗಳೂ ನಾಲ್ಕು ದಿನಕ್ಕೆ ಸಡಿಲವಾಗಿ ಅದೇ ಕೆಲಸ ಮಾಡುತ್ತವೆ. ಸ್ವಲ್ಪ ಜಾಸ್ತಿ ದುಡ್ಡಾದರೂ ಒಳ್ಳೆಯದನ್ನೇ ತನ್ನಿ. ಕೊನೆಗೆ, ಉಳಿದ ಎಲೆಗಳನ್ನೂ ಕೈಯಿಂದ ಕಿತ್ತುಬಿಡಿ. ಗಿಡ ಬೋಳಾಗಿ ನಿಲ್ಲುತ್ತದೆ. ಮನಸ್ಸಿಗೆ ಕಷ್ಟ ಆಗುತ್ತದೆ, ಆದರೂ ಕೀಳಿ.

ಗಿಡ ಸಾಯುವುದು ಇದಾದ ಮೇಲೆ ತೋರುವ ಅತಿ ಅಕ್ಕರೆಯಿಂದ. ಪಾಪ, ಬೋಳಾಗಿದೆ ಅಂತ ದಿನಾ ಬಕೆಟ್ ನೀರು, ಮೇಲೊಂದು ಹಿಡಿ ರಾಸಾಯನಿಕ ಗೊಬ್ಬರ. ಎಲೆಯೇ ಇಲ್ಲದ ಗಿಡ ಅಷ್ಟು ನೀರು ಕುಡಿಯೋದಾದರೂ ಹೇಗೆ? ಬೇರು ಕೊಳೆಯುತ್ತದೆ. ಸವರಿದ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ. ಆಮೇಲೆ ಬೆರಳು ಒಂದಿಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಮತ್ತೆ. ಎರಡು ಮೂರು ವಾರದೊಳಗೆ ಗಿಣ್ಣಿನ ಎರಡೂ ಬದಿಗೆ ಎಳ್ಳುಕಾಳಿನಷ್ಟು ಹಸಿರು ಚುಕ್ಕೆ ಏಳುತ್ತದೆ. ಅದನ್ನು ನೋಡುವ ಖುಷಿಗೇ ನಾನು ದಿನಾ ಬೆಳಿಗ್ಗೆ ತಾರಸಿ ಹತ್ತುತ್ತೇನೆ.

3. ಗೊಬ್ಬರ

ಚಿಗುರು ಎರಡು ಇಂಚು ಆದ ಮೇಲೆ ಶುರು ಮಾಡಿ. ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ತಿಳಿಗೆ ಹತ್ತರಷ್ಟು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಕುಂಡಕ್ಕೊಂದು ಚೊಂಬು. ‘ಹೂ ಬರಿಸುವ’ ಬಣ್ಣದ ಬಾಟಲಿಗಳನ್ನು ನಾನೂ ತಂದು ನೋಡಿದ್ದೇನೆ. ಸವರದ ಗಿಡಕ್ಕೆ ಅದರಿಂದ ಏನೂ ಆಗಲಿಲ್ಲ, ಸವರಿದ ಗಿಡಕ್ಕೆ ಅದು ಬೇಕಾಗಲಿಲ್ಲ. ಈಗ ಚಿಗುರಿನ ತುದಿ ಚಿವುಟಬೇಡಿ. ಮೊಗ್ಗು ಬರುವುದೇ ಅಲ್ಲಿ. ಮೊಗ್ಗಿನಲ್ಲಿ ತೂತು ಕಂಡರೆ ಹುಳ ಬಿದ್ದಿದೆ ಅಂತ ಅರ್ಥ. ಅಂಥ ಮೊಗ್ಗು ಕಿತ್ತು ದೂರ ಎಸೆದು, ಸಂಜೆ ಹೊತ್ತು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಬೆರೆಸಿ ಸಿಂಪಡಿಸಿ.

4. ಹುಣ್ಣಿಮೆಯ ಸಂಜೆ

ಐದು ಗಂಟೆಗೆ ತಾರಸಿಗೆ ನೀರು ಚೆಲ್ಲಿ, ಕಾವು ಇಳಿಯಲಿ. ಬೆಳ್ಳಗೆ ಉಬ್ಬಿದ ಮೊಗ್ಗುಗಳಲ್ಲಿ ಅರ್ಧ ಮಾತ್ರ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಉಳಿದರ್ಧ ಗಿಡದಲ್ಲೇ ಅರಳಲಿ. ಜಮಖಾನ ಹಾಸಿ, ಲೈಟು ಆರಿಸಿ. ಸುಮ್ನೆ ಸೀರಿಯಲ್ ಸೆಟ್ ಎಳೆದು ಬೆಳದಿಂಗಳನ್ನು ಹಾಳು ಮಾಡಬೇಡಿ.

ಊಟಕ್ಕೆ ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಮೊಸರನ್ನ, ಸಂಡಿಗೆ, ಪಾನಕ ಸಾಕು. ಮೊಸರನ್ನ ತಟ್ಟೆಗೆ ಬಡಿಸಬೇಡಿ. ದೊಡ್ಡ ಪಾತ್ರೆಯಲ್ಲಿ ಕಲಸಿ, ಸುತ್ತ ಕೂತವರ ಅಂಗೈಗೆ ಒಂದೊಂದೇ ತುತ್ತು ಹಾಕಿ, ಮಧ್ಯೆ ಗುಳಿ ಮಾಡಿ ಗೊಜ್ಜು ಬಿಡಿ. ಊಟ ಮುಗಿಸಿ ಆ ಒದ್ದೆ ಬಟ್ಟೆಯ ಗಂಟು ಬಿಚ್ಚುವ ಹೊತ್ತಿಗೆ ಒಳಗಿನ ಮೊಗ್ಗು ಬಿರಿದಿರುತ್ತದೆ. ಬಂದ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಬೊಗಸೆ ಕೊಡಿ.

ಒಂದು ಸುತ್ತು ಹೂವು ಮುಗಿದ ಕೂಡಲೇ ಆ ತುದಿಗಳನ್ನು ಎರಡು ಗಿಣ್ಣು ಕೆಳಕ್ಕೆ ಕತ್ತರಿಸಿ, ಒಂದು ಚೊಂಬು ಹಿಂಡಿ ನೀರು ಹಾಕಿ. ಮಳೆಗಾಲದ ಮುಂಚೆ ಇನ್ನೊಂದು ಸುತ್ತು ಮೊಗ್ಗು ಬರುತ್ತದೆ.